ಜೇಬಿನ ಬಟ್ಟೆಯ ಪರದೆ

ಪರದೆಗೆಂದು ದುಡ್ಡು ಕೊಡಲಿಲ್ಲ ಯಾರೂ.
ಪ್ಯಾಂಟಿನ ಒಳಜೇಬಿಗೆ ಹಾಕುವ ಬಿಳಿ ಕೋರಾ ಬಟ್ಟೆ,
ಮೂರು ಪನ್ನ ಸೇರಿಸಿ ಹೊಲಿದುಕೊಟ್ಟರು ಮಾಬುನ್ನಿ.
ಹಾಗಾಗಿ ಬಳ್ಳಾರಿಯ ಮಿಲ್ಲರ್ ಪೇಟೆಯ ನಮ್ಮ ಶೆಡ್ಡಿನಲ್ಲಿ
ಭೂಮಿಯ ಯಾವ ಮೂಲೆಯ ಸಿನಿಮಾ ಬಂದರೂ
ಅದರ ಮೈಮೇಲೆ ಎರಡು ಹೊಲಿಗೆಯ ಗೆರೆ:
ಒಂದು ನಾಯಕಿಯ ಕೆನ್ನೆಗೆ, ಒಂದು ಅವಳ ಊರಿನ ಹೊಳೆಗೆ.

ತಿಂಗಳ ಎರಡನೇ ಭಾನುವಾರ, ಸಂಜೆ ಏಳಕ್ಕೆ,
ಮಷಿನುಗಳಿಗೆ ಗೋಣಿಚೀಲ ಹೊದಿಸಿ
ನೀಲಿ ನೂಲಿನ ಧೂಳು ಗುಡಿಸಿ ಕೂರುತ್ತೇವೆ.
ನಾನು ಲೆಕ್ಕ ಬರೆಯುವವನು. ಪ್ರೊಜೆಕ್ಟರು ನನ್ನದು,
ಕಂತು ಇನ್ನೂ ನಾಲ್ಕು ಬಾಕಿ.

ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು
ಗಾದಿಲಿಂಗ ಓದಿ ಕನ್ನಡದಲ್ಲಿ ಕೂಗುತ್ತಾನೆ,
ನಡುವೆ ತೆಲುಗು, ಸಿಟ್ಟು ಬಂದರೆ ಉರ್ದು.
ಡಿಗ್ರಿ ಅರ್ಧಕ್ಕೆ ಬಿಟ್ಟವನು;
ಸಾಲು ತಪ್ಪಿತೆಂದರೆ ಸ್ವಂತದ್ದೊಂದು ಸೇರಿಸಿಬಿಡುತ್ತಾನೆ.
ಹಿಮದ ದೇಶದ ಆ ಮುದುಕ
ಗೂಟಕ್ಕೆ ನೇತುಹಾಕಿದ ಹೆಂಡತಿಯ ಕೋಟಿಗೆ
"ಊಟ ಆತೇನು?" ಅಂದನಲ್ಲ,
ಅಲ್ಲಿ ಹಾಗೇ ಬರೆದಿತ್ತೋ ಇಲ್ಲವೋ
ನಾನು ಕೇಳಲಿಲ್ಲ.

ಮುಗಿದ ಮೇಲೆ ಒಗ್ಗರಣಿ, ಮಿರ್ಚಿ, ಜಗಳ.
"ಏನಾತು ಇದರಾಗ? ಬಂದ, ಕುಂತ, ಹೋದ.
ಫೈಟಿಲ್ಲ, ಸಾಂಗಿಲ್ಲ,
ಬಾಗಿಲು ಸುದ್ದಾ ಜೋರಾಗಿ ಹಾಕಲಿಲ್ಲ ಮಾರಾಯ"
ಅನ್ನುವ ಕಟಿಂಗ್ ಮಾಸ್ಟರ್ ಶೇಕ್ಷಾವಲಿ
ಮುಂದಿನ ಸಲ ಎಲ್ಲರಿಗಿಂತ ಮೊದಲು ಬಂದು
ಮುಂದಿನ ಸ್ಟೂಲು ಹಿಡಿದಿರುತ್ತಾನೆ.
ದಾರ ಕತ್ತರಿಸುವ ಎರ್ರೆಮ್ಮನ ಲೆಕ್ಕದಲ್ಲಿ
ಸಿನಿಮಾ ಎರಡೇ ನಮೂನೆ:
ಕೊನೆಗೆ ಯಾರಾದರೂ ಮನೆ ಮುಟ್ಟುವಂಥದ್ದು,
ಮುಟ್ಟದೆ ಹೋಗುವಂಥದ್ದು.
ಎರಡನೆಯದಕ್ಕೆ ಆಕೆ ಚಪ್ಪಲಿ ಹುಡುಕುತ್ತ ಎದ್ದುಬಿಡುತ್ತಾಳೆ.

ಒಮ್ಮೆ ಕಾಲೇಜಿನ ಮೇಷ್ಟ್ರು ಬಂದರು, ಹೆಗಲಿಗೆ ಚೀಲ.
ಅವರೇ ತಂದದ್ದು: ಏಳು ದೇಶದಲ್ಲಿ ಬಹುಮಾನ ಗೆದ್ದದ್ದು,
ಯಾವುದೋ ಬಂದರಿನ ದರ್ಜಿಯಾಕೆಯ ಕತೆ.
ಹನ್ನೊಂದು ನಿಮಿಷ ಕ್ಯಾಮೆರಾ ಕದಲುವುದಿಲ್ಲ.
ಆಕೆ ಹೊಲಿಯುತ್ತಾಳೆ. ಬರೀ ಹೊಲಿಯುತ್ತಾಳೆ.
"ದುಡಿಮೆಯನ್ನು ಇಷ್ಟು ಪ್ರಾಮಾಣಿಕವಾಗಿ ಯಾರು ತೋರಿಸಿದ್ದಾರೆ?"
ಮೇಷ್ಟ್ರು ಕನ್ನಡಕ ಒರೆಸಿಕೊಂಡರು.
ನಾನೂ ತಲೆಯಾಡಿಸಿದೆ, ಒಬ್ಬನೇ ಆಗಲೇ ಎರಡು ಸಲ ನೋಡಿದ್ದೆ.

ಮಾಬುನ್ನಿ ಮಿರ್ಚಿಯ ತೊಟ್ಟು ಕಿತ್ತು ಪೇಪರಿನ ಅಂಚಿಗಿಟ್ಟರು.
"ಹನ್ನೊಂದ್ ನಿಮಿಷ. ಆ ಓಟಕ್ಕ ಬಾಬಿನ್ ಯಾವಾಗೋ ಖಾಲಿ ಸಾರ್.
ಆಕಿ ಒಮ್ಮೆನೂ ಬದಲಿ ಮಾಡಲಿಲ್ಲ.
ಕೆಳಗಿನ ದಾರ ಇಲ್ಲದ ಹೊಲಿಗಿ ಅದು.
ಎಳೆದ್ರ ಬಿಚ್ಚತೈತಿ."

ಮೇಷ್ಟ್ರು ನಕ್ಕರು. ಆಮೇಲೆ ನಗಲಿಲ್ಲ.
ಕಲೆ ಬೇರೆ, ಕಾರ್ಖಾನೆ ಬೇರೆ ಎಂದೇನೋ ನಾನು ಹೇಳಹೊರಟೆ,
ಕರೆಂಟು ಹೋಯಿತು.

ದಸರೆಯ ಹಿಂದಿನ ವಾರ ದೊಡ್ಡ ಆರ್ಡರು ಬಿತ್ತು,
ಸೊಲ್ಲಾಪುರಕ್ಕೆ ಆರುನೂರು ಪೀಸು.
ಜೇಬಿನ ಬಟ್ಟೆ ಸಾಲಲಿಲ್ಲ. ಮಾಲೀಕರು ಪರದೆ ನೋಡಿದರು,
ನನ್ನ ಮುಖ ನೋಡಲಿಲ್ಲ.
ಶೇಕ್ಷಾವಲಿ ಕತ್ತರಿ ಹಿಡಿದು ನಿಂತ, ಕೈ ಹೋಗಲಿಲ್ಲ ಅವನಿಗೆ.
ಮಾಬುನ್ನಿಯೇ ಇಸಕೊಂಡು
ತಾವು ಹಾಕಿದ ಹೊಲಿಗೆಯಗುಂಟ ಕತ್ತರಿಸತೊಡಗಿದರು.
ಕತ್ತರಿಸುತ್ತಲೇ, ತಲೆಯೆತ್ತದೆ:

"ಆದ್ರೂ ಆ ಹೆಂಗಸಿಗೆ ಸೂಜಿ ಚುಚ್ಚಿತಲ್ಲ,
ಬೆರಳು ಬಾಯಾಗ ಇಟ್ಟುಕೊಳ್ಳೋದು ಆಮ್ಯಾಲ;
ಮೊದಲು ಬಟ್ಟಿ ಅತ್ತ ಸರಿಸಿದಳು, ರಕ್ತ ಹತ್ತಬಾರದಂತ.
ಅದನ್ನ ಯಾರೋ ಗೊತ್ತಿದ್ದವರೇ ಹೇಳಿಕೊಟ್ಟಾರ.
ಮೇಷ್ಟ್ರಿಗೆ ಹೇಳು, ಪಾಪ."

ಈ ಭಾನುವಾರ ಗೋಡೆಯ ಮೇಲೆ ಹಾಕಿದೆ.
ಸುಣ್ಣದ ಹಕ್ಕಳೆ ಎದ್ದ ಕಡೆಯೆಲ್ಲ
ಮರುಭೂಮಿಯಲ್ಲಿ ಏನೋ ಉದುರುತ್ತಿತ್ತು.
ಹೊಲಿಗೆಯ ಗೆರೆ ಇರಲಿಲ್ಲ ಎಲ್ಲೂ;
ಕಣ್ಣು ಎರಡು ಸಲ ಹುಡುಕಿತು.
"ಪಿಚ್ಚರ್ ಎಲ್ಲೋ ಸಡಿಲಾಗೈತಿ" ಅಂದಳು ಎರ್ರೆಮ್ಮ.
ಕಂತು ಇನ್ನು ಮೂರು.