ಇನ್ನೊಂದು ಖಾನೆ

ಧಾರವಾಡದಿಂದ ಮೂವರು ಬಂದಿದ್ದರು ಮೊನ್ನೆ,
ಟೇಪು ಹಿಡಿದು ಕೋಣೆ ಅಳೆದರು.
ಕಪಾಟು ತೆಗೆದರೆ ಎಷ್ಟು ಕುರ್ಚಿ ಹಿಡಿದೀತು,
ಎಷ್ಟು ಪ್ಲಗ್ಗು, ಎಸಿ ಎಷ್ಟು ಟನ್ನಿನದು.
ಪುಸ್ತಕ ಎಷ್ಟು ಎಂದು ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ: ಹನ್ನೊಂದು ಸಾವಿರದ ನಲವತ್ತು,
ಅದರಲ್ಲಿ ಇನ್ನೂರು ಉಪ್ಪುಗಾಳಿಗೆ ಉಬ್ಬಿ
ಒಂದೊಂದೂ ಎರಡರ ಜಾಗ ಹಿಡಿದು ಕೂತಿವೆ.

ಹೊರಡುವಾಗ ಹಿರಿಯರೊಬ್ಬರು
ಸ್ಕ್ಯಾನರಿನ ಬೆನ್ನು ತಟ್ಟಿದರು, ಹೋರಿಯದು ತಟ್ಟಿದ ಹಾಗೆ:
‘ಇನ್ನು ಇದೇ ನಿಮ್ಮ ಗ್ರಂಥಾಲಯ, ಮೇಡಂ.’

ನನಗೇನೂ ಸಿಟ್ಟಿಲ್ಲ ಅದರ ಮೇಲೆ.
ಎರಡು ವರ್ಷದಿಂದ ನಾವಿಬ್ಬರೂ ಜೊತೆಗೇ
ಕೋಡಿಬಾಗದ ಈ ಕೋಣೆಯಲ್ಲಿ ಹಳೆಯ ದಾಖಲೆ ತಿರುವುತ್ತಿದ್ದೇವೆ.
ಕಾಳಿಯ ಬಾಯಲ್ಲಿ ಯಾವ ತಿಂಗಳು ನೀರು ಎಷ್ಟು ಉಪ್ಪು,
ಬೈತಖೋಲಕ್ಕೆ ಯಾವ ದೋಣಿ ಎಷ್ಟು ಬುಟ್ಟಿ ಬಂಗಡೆ.
ಬರೆದವರು ಸಂಶೋಧನೆಗೆ ಬಂದ ಹುಡುಗರು,
ಒದ್ದೆ ಕೈ, ಹರಡಿದ ಮಸಿ,
ಅಂಕಿ ಎಂಟೋ ಮೂರೋ.
ಒಂದು ಪುಟದಲ್ಲಿ ಒಣಗಿ ಅಂಟಿದ್ದ ಮೀನಿನ ಹುರುಪೆಯನ್ನು
ಯಂತ್ರ ಕಲೆ ಎಂದುಕೊಂಡು
ತಾನಾಗಿಯೇ ಅಳಿಸಿತು.

ಮಂಗಳವಾರ ಮಧ್ಯಾಹ್ನ
ಸುಂಕೇರಿಯ ಸಾತೇರಿ ಹರಿಕಂತ್ರ
ಚಪ್ಪಲಿ ಹೊರಗೆ ಬಿಟ್ಟು ಬುಟ್ಟಿ ಒಳಗೆ ತಂದರು.
ಗೇಟಿನವನು ಐಡಿ ಕಾರ್ಡು ಕೇಳಿದನಂತೆ.
‘ನಲವತ್ತು ವರ್ಷ ನಿಮ್ಮ ಕಾಲೇಜಿನ ಕೆಳಗೇ
ಸೊಂಟದ ತನಕ ಕೆಸರಲ್ಲಿ ನಿಂತಿದ್ದೇನೆ,
ನಿನ್ನದು ತೋರಿಸು’ ಅಂದರಂತೆ.

ಸೇತುವೆಯ ಈಚೆ ದಿಬ್ಬದಲ್ಲಿ ಖುಬೆ ಇತ್ತೆಂದು
ಒಂದು ಕಾಗದ ಬೇಕು, ಬಾಯಿ.
ಮರಳಿನವರು ಹೇಳುತ್ತಾರೆ, ಅಲ್ಲಿ ಯಾವತ್ತೂ ಏನೂ ಇರಲಿಲ್ಲ,
ಬರೀ ಹೊಯ್ಗೆ.
ಶುಕ್ರವಾರ ಸಾಹೇಬರ ಎದುರು ವಿಚಾರಣೆ.

ಟೈಪಿಸಿದೆ: ಖುಬೆ.
ಫಲಿತಾಂಶ ಸೊನ್ನೆ.
ಬಳಚು.
ಸೊನ್ನೆ.
ಮರಳಿನವರ ಮಾತೇ,
ಸ್ವಲ್ಪ ಹೆಚ್ಚು ಸಭ್ಯವಾಗಿ.

ಕಿಟಕಿ ಬಳಿಯಿದ್ದ ಎಂ.ಎಸ್ಸಿ. ಹುಡುಗ ಪ್ರಥಮೇಶ
ತನ್ನ ಫೋನನ್ನೂ ಕೇಳಿದ.
ಅದು ಇಲ್ಲ ಎನ್ನಲಿಲ್ಲ, ಖುಬೆ ಸುಕ್ಕೆ ಮಾಡುವ ಬಗೆ ವಿವರಿಸಿತು,
ಕಾಯಿ ಎಷ್ಟು, ಕೊತ್ತಂಬರಿ ಎಷ್ಟು.
‘ಹುಳಿ ಜಾಸ್ತಿ ಹೇಳ್ತದೆ’ ಅಂದರು ಸಾತೇರಿ.

ಆಮೇಲೆ ಸೆರಗಿನ ಗಂಟು ಬಿಚ್ಚಿ
ಮೇಜಿನ ಮೇಲೆ ಮೂರು ಚಿಪ್ಪು ಇಟ್ಟರು.

ಏಣಿ ಹತ್ತಿದೆ. ಮೇಲಿನ ಸಾಲು, ಗೆದ್ದಲು ಬಿಟ್ಟ ಸಂಪುಟ,
ಇನ್ನೂ ಯಂತ್ರದ ಕೆಳಗೆ ಮಲಗದ್ದು.
ಬಾಲ ಉದ್ದದ ಲ್ಯಾಟಿನ್ ಹೆಸರು, ಪಕ್ಕದಲ್ಲಿ ಪೆನ್ಸಿಲ್ಲಿನ ಚಿತ್ರ,
ದಿಬ್ಬದ ನಕಾಶೆ, ಒಂದು ಚದರ ಮೀಟರಿಗೆ ನೂರಾ ಆರು.
ಓದು ಬಾರದ ಅವರು ಮೊದಲು ಪುಟ ಮೂಸಿದರು.
ಬೆರಳಿಟ್ಟರು:
ಇದು ಹೌದು. ಇದೂ ಹೌದು.
ಇದು ಮಳೆ ನಿಂತ ಮೇಲಿನದು, ಇದಕ್ಕೆ ನಮ್ಮಲ್ಲಿ ಬೇರೆ ಹೆಸರು.
ನಿಮ್ಮ ಹುಡುಗ ಎರಡನ್ನೂ ಒಂದೇ ಅಂತ ಬರೆದಿದ್ದಾನೆ, ಪಾಪ,
ಇಳಿತಕ್ಕೆ ಸರಿಯಾಗಿ ಬಂದಿರಲಿಕ್ಕಿಲ್ಲ.

ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ
ಕೊಡುವುದು, ವಾಪಸು ಪಡೆಯುವುದು, ದಂಡ ಹಾಕುವುದು ಮಾಡಿದ್ದೇನೆ.
ಕೇಳಿ ಬರೆದುಕೊಂಡದ್ದು ಅವತ್ತೇ ಮೊದಲು.
ಯಾದಿಯಲ್ಲಿ ಇನ್ನೊಂದು ಖಾನೆ ತೆರೆದೆ: ಇಲ್ಲಿಯ ಹೆಸರು.
ಅದರ ಮುಂದೆ ಇನ್ನೊಂದು: ಹೇಳಿದವರು.
ಅವರು ಹೇಳುತ್ತ ಹೋದರು,
ಪ್ರಥಮೇಶ ತಪ್ಪು ತಪ್ಪಾಗಿ ಟೈಪಿಸುತ್ತ ಹೋದ,
ಕರೆಂಟು ಹೋಯಿತು,
ಅವರು ನಿಲ್ಲಿಸಲಿಲ್ಲ, ಅವನು ಪೆನ್ನು ಹುಡುಕಿದ.

ಪ್ರತಿಗೆ ಮುದ್ರೆ ಬೇಕೇ ಬೇಕೆಂದರು.
ಒಣಗಿದ ಪ್ಯಾಡಿಗೆ ನಾಲ್ಕು ಹನಿ ನೀರು ಬಿಟ್ಟು ಒತ್ತಿದೆ.
ಅರ್ಧ ಮೂಡಿತು.
ಶುಕ್ರವಾರ ಏನಾಯಿತೋ ಇನ್ನೂ ಗೊತ್ತಿಲ್ಲ.

ಚಿಪ್ಪು ಮೂರೂ ಬಿಟ್ಟು ಹೋಗಿದ್ದಾರೆ.
ಇವಕ್ಕೆ ಯಾವ ಕ್ರಮಸಂಖ್ಯೆ ಕೊಡಲಿ ಎಂದು ಯೋಚಿಸುವಾಗಲೇ
ಧಾರವಾಡದ ಪತ್ರ ಬಂತು: ಕುರ್ಚಿ ನಲವತ್ತು,
ಸಲಹೆ ಇದ್ದರೆ ತಿಳಿಸಬಹುದು.

ತಿಳಿಸಿದೆ.
ಕುರ್ಚಿ ಹಾಕಿ, ಎಸಿ ಹಾಕಿ, ಯಂತ್ರ ಇನ್ನೊಂದು ಕಳಿಸಿದರೂ ಸಂತೋಷ.
ಬಾಗಿಲ ಹತ್ತಿರ ಮಾತ್ರ
ಒಂದು ಬುಟ್ಟಿ ಇಳಿಸುವಷ್ಟು ನೆಲ ಬಿಡಿ,
ನೀರು ಸೋರಿದರೆ ನಾನು ಒರೆಸುತ್ತೇನೆ.