ಟಕ್

ಹದಿನೆಂಟು ಸಾವಿರ, ಅಂದ ಮೆಕ್ಯಾನಿಕ್ ಖಾಸಿಂಪೀರ,
ಬಾನೆಟ್ಟು ಪೂರಾ ಎತ್ತೂ ಇಲ್ಲ ಇನ್ನಾ.
ಕಂಪ್ರೆಸರ್ ಹೋಗ್ಯಾದ ಮೇಡಂ.
ಹೋಗ್ಯಾದ ಅನ್ನೋ ಮಾತು ಅವನ ಬಾಯಾಗ
ಬೀಗರ ಮನಿ ಸಾವಿನ ಸುದ್ದಿ ಹೇಳಿದಂಗ ಇತ್ತು.

ರಾಯಚೂರಾಗ ಮೇ ತಿಂಗಳು.
ಸ್ಟೇರಿಂಗ್ ಹಿಡೀಬೇಕಂದ್ರ
ಒಲಿ ಮ್ಯಾಲಿನ ಪಾತ್ರಿ ಇಳಸೋ ಮಸಿ ಅರಿವಿ ಬೇಕು.
ಮತ್ತ ನನಗ ಐವತ್ತೊಂದು.
ಹೊರಗಿನ ಬಿಸಲಿಗೆ ಛತ್ರಿ ಅದ.
ಎದಿಯಿಂದ ಎದ್ದು ಕಿವಿತನಕ ಏರೋ ಈ ಉರಿಗೆ
ಡಾಕ್ಟ್ರು ಹೇಳಿದ್ದು ಒಂದಽ ಮಾತು:
ಈ ವಯಸ್ಸಿಗೆ ಇದೆಲ್ಲ ಸಹಜ.
ಸಹಜ ಅನ್ನೋದು ಮಾನ್ವಿ ಬ್ಯಾಂಕಿಗೆ ಹೋಗಿಬರೋ
ತೊಂಬತ್ತು ಕಿಲೋಮೀಟರಿಗೆ ಗೊತ್ತಿಲ್ಲ,
ಬೆನ್ನಿಗೆ ಅಂಟಿದ ಸೀಟಿಗೂ ಗೊತ್ತಿಲ್ಲ.

ಭಾನುವಾರ ನಸುಕಿನ್ಯಾಗ, ಗಂಡ ಏಳೂದ್ರೊಳಗ,
ಡ್ಯಾಶ್‌ಬೋರ್ಡಿನ ಪೆಟ್ಟಿಗಿ ಕಳಚಿದೆ.
ಹಿಂದ ಇದ್ದದ್ದು ಫಿಲ್ಟರಲ್ಲ, ಜಿಲ್ಲಾ ಗೆಜೆಟಿಯರು:
ಜಿನ್ನಿಂಗ್ ಮಿಲ್ಲಿನ ಅರಳಿ,
ಸಿಂಧನೂರಿನ ಭತ್ತದ ಹೊಟ್ಟು,
ಶಕ್ತಿನಗರದ ಬೂದಿ,
ಯಾವುದೋ ಬಸುರಿ ಇಲಿ ಹೊತ್ತು ತಂದ
ಶೇಂಗಾದ ಸಿಪ್ಪಿ ಹನ್ನೊಂದು. ಎಣಿಸಿದೆ.
ಕ್ಯಾಶಿಯರ್ ಕೈ, ಎಣಿಸಲಾರದ ಇರಂಗಿಲ್ಲ.
ಬಡದು ಕೊಡವಿ, ತೊಳದು, ಮಾಳಿಗಿ ಮ್ಯಾಲ ಹಾಕಿದೆ,
ಈ ಸುಡೋ ಬಿಸಲು
ಒಂದು ದಿನಾನಾದ್ರೂ ನನ್ನ ಕೂಲಿ ಮಾಡಲಿ.

ಮುಂದಿನ ಜಾಳಗಿಗೆ ಪೈಪು ಹಿಡದೆ,
ಕೂಸಿಗೆ ತಲಿ ಎರದಂಗ, ಮೆಲ್ಲಕ.
ಹಳೇ ಹಲ್ಲಿನ ಬ್ರಶ್ಶಿಂದ
ಮಣಿದ ಎಳಿ ಒಂದೊಂದಽ ನೆಟ್ಟಗ ಮಾಡಿದೆ.
ನಾಕು ದಿನಕ್ಕೊಮ್ಮೆ ಬರೋ ನೀರು, ಕಾರಿಗೇನ್ರೀ?
ಅಂದ್ರು ಎದುರಿನ ಮನಿ ಪದ್ಮಾವತೆಮ್ಮ.
ಕಾರಿಗಲ್ರೀ, ಅದರ ಮೂಗಿಗೆ, ಅಂದೆ.

ಆದ್ರೂ ಗಾಳಿ ಬಿಸೀನಽ.
ಗುಂಡಿ ಒತ್ತಿದ್ರ ಒಳಗೆಲ್ಲೋ ಟಕ್ ಅನ್ನಬೇಕ್ರಿ ಆಂಟಿ,
ಅಂದ ಮ್ಯಾಲಿನ ಮನಿ ವಿರೂಪಣ್ಣ,
ಪಾಲಿಟೆಕ್ನಿಕ್ಕು, ಎರಡು ವಿಷಯ ಬಾಕಿ.
ಕಿವಿಗೊಟ್ಟೆ. ಟಕ್ ಇಲ್ಲ.
ಅವ ಎರಡು ಕರೇ ಡಬ್ಬಿ ಕಿತ್ತ,
ಅರ್ಧ ಕಡ್ಡಿಪೆಟ್ಟಿಗಿಯಷ್ಟು ಇರಬೇಕು.
ಇದು ಏಸಿ ರಿಲೇ, ಇದು ಹಾರನ್ನಿಂದು.
ಒಂದಽ ಹೊಟ್ಯಾಗ ಹುಟ್ಟಿದವು. ಅದಲಾಬದಲಿ ಮಾಡಿದ.
ಒತ್ರಿ ಈಗ.

ಟಕ್.

ನಾ ಒತ್ತಿದ್ದಕ್ಕ, ನಾ ಕರೆದದ್ದಕ್ಕ, ನಾ ಕೇಳಿದ್ದಕ್ಕ
ಇಷ್ಟು ಲಗೂ ಓ ಅಂದದ್ದು
ಈ ಮನ್ಯಾಗ ಇದಽ ಮೊದಲು.

ಅಂಗಡಿ ಭಾನುವಾರ ಬಂದ್.
ಸೋಮವಾರ ಹೊಂಟೆ, ತಣ್ಣಗ, ಮೂಕಾಗಿ.
ತೀನ್ ಕಂದೀಲದಾಗ ಹಾರನ್ ಹೊಡೀದ ಕಾರು
ಮದಿವ್ಯಾಗ ಸಿಟ್ಟಾಗದ ಬೀಗರಂಗ,
ಯಾರೂ ಲೆಕ್ಕಕ್ಕ ಹಿಡೀಲಿಲ್ಲ.

ಕಲ್ಲೂರು ದಾಟಿದ ಮ್ಯಾಲ ಕುರಿಹಿಂಡು,
ಇನ್ನೂರಕ್ಕ ಕಡಿಮಿ ಇಲ್ಲ.
ನಿಂತೆ.
ಕುರಿ ಕಾಯೋ ಅಜ್ಜ ಕಿಡಕಿ ಬಡದ.
ಯಾಕವ್ವ, ಬೊಬ್ಬಿ ಇಲ್ಲ, ಬೈಗಳಿಲ್ಲ, ಬಾಯಿ ಹೋಗ್ಯಾದೇನು?
ಗಾಡೀದು ಹೋಗ್ಯಾದ ಅಜ್ಜ, ನಂದಲ್ಲ.
ಇಳಿಸಿದ ಗಾಜಿನೊಳಗ ಮೊಣಕೈತನಕ ಕೈ ಹಾಕಿ
ಗಾಳಿ ಹಿಡದು ನೋಡಿದ.
ಅಯ್ಯ, ಪುಷ್ಯ ಮಾಸ ಕೂಡಿಹಾಕೀಯಲ್ಲ ತಾಯಿ!

ಅಷ್ಟೊತ್ತಿಗೆ ಬಂತು ನನ್ನ ಉರಿ, ಕಿವಿತನಕ.
ನಾನೂ ಕೈ ಅದಽ ಗಾಳಿಗೆ ಹಿಡದೆ.
ಇಬ್ಬರೂ ಸುಮ್ಮನ,
ಕುಂಟೋ ಕುರಿ ಒಂದು
ಕಡೀಕ ರಸ್ತಾ ದಾಟೋತನಕ.

ಹೊಸ ರಿಲೇ ಬುಧವಾರ ತಂದೆ, ನೂರಾ ಹತ್ತು ರೂಪಾಯಿ.
ಹಾಕಿದೇನು, ಅಂತ ದಿನಾ ಕೇಳ್ತಾರ ಇವರು.
ಹಾಕ್ತೀನಿ ಬಿಡ್ರಿ, ನಾಳೆ.
ಪರ್ಸಿನ್ಯಾಗ ಚಿಲ್ಲರಿ ಜೋಡಿ ಸಪ್ಪಳ ಮಾಡ್ತದ.