ಕಪ್ಪು ಎಂಟುಮೂಲೆ

ಪುಯೆರ್ತೊ ಮೊಂತ್‌ನಲ್ಲಿ ಜೂನ್ ಅಂದರೆ ಚಳಿ,
ಐದೂವರೆಗೇ ಕತ್ತಲು.
ಮೀನಿನ ಕಾರ್ಖಾನೆಯಿಂದ ಬಂದ ನೋಲ್ಫಾ
ಕೈಯ ವಾಸನೆ ಹೋಗುವ ಮುಂಚೆಯೇ
ಮಸೂರದ ಪಾತ್ರೆ ಒಲೆಗಿಡುತ್ತಾಳೆ.

ಐದರ ರಯೆನ್‌ಗೆ ಓದು ಬಾರದು;
ಬಿಸ್ಕತ್ತಿನ ಪೊಟ್ಟಣದ ಮೇಲಿನ
ಕಪ್ಪು ಎಂಟುಮೂಲೆ ಬಲ್ಲಳು:
‘ಇದು ಜಾಸ್ತಿಯಂತೆ, ಅಮ್ಮ.’

ದಾದಿ ತೂಕದ ಗೆರೆ ತೋರಿಸಿದ ದಿನ
ಬೈದಿರಲಿಲ್ಲ. ‘ರಾತ್ರಿ
ಎಷ್ಟಕ್ಕೆ ಮಲಗುತ್ತೆ ಮಗು?’ ಅಂದಿದ್ದಳು.
ಗಂಡ ಹೆಂಡತಿ
ಒಬ್ಬರ ಮುಖ ಒಬ್ಬರು ನೋಡಿದ್ದರು.

ಇವತ್ತು ರಯೆನ್ ಕೈಯಲ್ಲಿ ಕತ್ತರಿ,
ಕಪ್ಪು ಕಾಗದ, ಅಂಟು. ಮೂಲೆ ಆರೋ ಏಳೋ.
ಒಂದು ಟೀವಿಗೆ.
ಇನ್ನೊಂದು, ತಟ್ಟೆಯ ಪಕ್ಕ ಮಿನುಗುತ್ತಿದ್ದ
ಅಪ್ಪನ ಫೋನಿಗೆ.

ಕೀಳಹೋದವನು ಸುಮ್ಮನಾದ.
ಫೋನು ಬೋರಲು ಹಾಕಿ
ಸೌಟು ಹಿಡಿದ.

ಎಂಟಕ್ಕೆ ದೀಪ ಆರಿತು.
ಎಂಟೂವರೆಗೆ ಕತ್ತಲಲ್ಲೊಂದು ಪಿಸುಮಾತು:
‘ಬಿಸ್ಕತ್ತು ಇದೆಯಾ?’
ದನಿ ಅಪ್ಪನದು.